ಒಂದು ಕೆಟ್ಟ ಫೈಲಿಗೆ ಇಡೀ ಪ್ರೋಗ್ರಾಂ ಬಲಿ

ಪ್ರಶ್ನೆ: ಸಾವಿರಾರು ಫೋಟೊಗಳನ್ನು ಒಂದೊಂದಾಗಿ ಚಿಕ್ಕದು ಮಾಡಲು ಜೆಪೆಗ್ ಚಿತ್ರ ಓದಿ ಬರೆಯುವ ಲೈಬ್ರರಿ ಲಿಬ್‌ಜೆಪೆಗ್ ಬಳಸಿ ಸಿ ಪ್ರೋಗ್ರಾಂ ಬರೆದಿದ್ದೇನೆ. ಯಾವುದೋ ಒಂದು ಫೈಲಿಗೆ ಬಂದಾಗ ‘ನಾಟ್ ಎ ಜೆಪೆಗ್ ಫೈಲ್: ಸ್ಟಾರ್ಟ್ಸ್ ವಿತ್ 0ಎಕ್ಸ್89 0ಎಕ್ಸ್50’ ಎಂದು ತೋರಿಸಿ ಪ್ರೋಗ್ರಾಂ ಮುಗಿದೇಹೋಗುತ್ತದೆ. ಕ್ರ್ಯಾಶ್ ಆದಂತೆಯೂ ಕಾಣುವುದಿಲ್ಲ.

ಉತ್ತರ: ಆ ಫೈಲು ಹೆಸರಿಗಷ್ಟೇ ಜೆಪೆಗ್. 89, 50 ಎಂಬುದು ಪಿಎನ್‌ಜಿ ಚಿತ್ರದ ಮೊದಲ ಎರಡು ಬೈಟು. ಯಾರೋ ಹೆಸರಿನ ಬಾಲ ಮಾತ್ರ ಬದಲಿಸಿದ್ದಾರೆ. ನಿಮ್ಮ ಊಹೆ ಸರಿ, ಇದು ಕ್ರ್ಯಾಶ್ ಅಲ್ಲ. ಲಿಬ್‌ಜೆಪೆಗ್‌ನ ‘ಎರರ್_ಎಕ್ಸಿಟ್’ ಫಂಕ್ಷನ್ನನ್ನು ನೀವು ಬದಲಿಸದಿದ್ದರೆ, ಅದು ಸಂದೇಶ ಬರೆದು ನೇರವಾಗಿ ‘ಎಕ್ಸಿಟ್’ ಕರೆಯುತ್ತದೆ. ಒಂದೇ ಚಿತ್ರ ನೋಡುವ ಪುಟ್ಟ ಕಮಾಂಡಿಗೆ ಅಷ್ಟು ಸಾಕು. ನಿಮ್ಮ ಕೆಲಸಕ್ಕೆ ಆಗದು.

ನಿಮ್ಮದೇ ಒಂದು ಸ್ಟ್ರಕ್ಟ್ ಮಾಡಿ. ಅದರ ಮೊದಲ ಸದಸ್ಯ ‘ಜೆಪೆಗ್_ಎರರ್_ಎಂಜಿಆರ್’ ಆಗಿರಬೇಕು, ಎರಡನೆಯದು ಮರಳಬೇಕಾದ ಜಾಗ ನೆನಪಿಡುವ ‘ಜಂಪ್_ಬಫ್’. ಮೊದಲು ‘ಜೆಪೆಗ್_ಎಸ್‌ಟಿಡಿ_ಎರರ್’ ಕರೆದು, ಆಮೇಲೆ ‘ಎರರ್_ಎಕ್ಸಿಟ್’ ಪಾಯಿಂಟರಿಗೆ ನಿಮ್ಮ ಫಂಕ್ಷನ್ ಕೊಡಿ. ಕ್ರಮ ತಿರುಗಿಸಿದರೆ ನೀವು ಕೊಟ್ಟದ್ದು ಅಳಿಸಿಹೋಗುತ್ತದೆ. ಆ ಫಂಕ್ಷನ್ ಸಂದೇಶ ಬರೆದು ‘ಲಾಂಗ್‌ಜಂಪ್’ ಮಾಡಲಿ, ಅಂದರೆ ‘ಸೆಟ್‌ಜಂಪ್’ ಗುರುತಿಟ್ಟ ಜಾಗಕ್ಕೆ ನೇರ ಜಿಗಿಯಲಿ. ‘ಸೆಟ್‌ಜಂಪ್’ ಸೊನ್ನೆಯಲ್ಲದ್ದನ್ನು ಹಿಂದಿರುಗಿಸಿದ ಕಡೆ ‘ಜೆಪೆಗ್_ಡಿಸ್ಟ್ರಾಯ್_ಡಿಕಂಪ್ರೆಸ್’ ಕರೆದು, ಫೈಲು ಮುಚ್ಚಿ, ಮುಂದಿನ ಚಿತ್ರಕ್ಕೆ ಹೋಗಿ.

ಎಡವುವುದು ಎರಡು ಕಡೆ. ‘ಎರರ್_ಎಕ್ಸಿಟ್’ ಎಂದೂ ವಾಪಸು ಬರಬಾರದು. ಬರುವುದಿಲ್ಲ ಎಂದು ನಂಬಿಯೇ ಲೈಬ್ರರಿಯ ಉಳಿದ ಕೋಡ್ ಬರೆದಿದ್ದಾರೆ. ಬರೇ ‘ರಿಟರ್ನ್’ ಮಾಡಿದರೆ ಹಾಳಾದ ಸ್ಥಿತಿಯಲ್ಲೇ ಡಿಕೋಡಿಂಗ್ ಮುಂದುವರಿಯುತ್ತದೆ. ಇನ್ನೊಂದು, ‘ಸೆಟ್‌ಜಂಪ್’ ಆದ ಮೇಲೆ ನೀವು ಬದಲಿಸಿದ ಲೋಕಲ್ ವೇರಿಯಬಲ್ಲನ್ನು ಜಿಗಿತದ ನಂತರವೂ ಓದುವುದಿದ್ದರೆ ಅದನ್ನು ‘ವೊಲಟೈಲ್’ ಎಂದು ಘೋಷಿಸಬೇಕು. ಇಲ್ಲವಾದರೆ ಆಪ್ಟಿಮೈಸೇಶನ್ ಹಾಕಿದಾಗ ಹಳೆಯ ಬೆಲೆಯೇ ಸಿಗಬಹುದು. ‘ಮ್ಯಾಲಾಕ್’ ಕೊಟ್ಟ ಪಾಯಿಂಟರ್ ಹೀಗೆ ಕಳೆದುಹೋಗಿ ಮೆಮೊರಿ ಸೋರುವುದೇ ಹೆಚ್ಚು.

ಅಂದಹಾಗೆ, ಅರ್ಧಕ್ಕೆ ತುಂಡಾದ ಜೆಪೆಗ್ ಸಾಮಾನ್ಯವಾಗಿ ಈ ದಾರಿಗೆ ಬರುವುದೇ ಇಲ್ಲ. ಅದಕ್ಕೆ ಬರೀ ಎಚ್ಚರಿಕೆ ಸಿಗುತ್ತದೆ, ಚಿತ್ರದ ಕೆಳಭಾಗ ಬೂದು ಬಣ್ಣವಾಗಿ ಉಳಿಯುತ್ತದೆ. ಕೊನೆಯಲ್ಲಿ ಎಚ್ಚರಿಕೆಗಳ ಎಣಿಕೆಯಾದ ‘ನಮ್_ವಾರ್ನಿಂಗ್ಸ್’ ಸೊನ್ನೆಯೇ ಎಂದು ನೋಡಿಬಿಡಿ.

ಪ್ರಶ್ನೆ: ಪ್ರೋಗ್ರಾಮನ್ನು ತಟ್ಟನೆ ನಿಲ್ಲಿಸುವ ‘ಅಬಾರ್ಟ್’ ಕರೆಯುವ ಮುಂಚೆ ‘ಪ್ರಿಂಟ್‌ಎಫ್’ನಲ್ಲಿ ಕಾರಣ ಬರೆಯುತ್ತೇನೆ. ಟರ್ಮಿನಲ್ಲಿನಲ್ಲಿ ಕಾಣುತ್ತದೆ, ಔಟ್‌ಪುಟ್ ಅನ್ನು ಫೈಲಿಗೆ ತಿರುಗಿಸಿದರೆ ಆ ಸಾಲು ನಾಪತ್ತೆ.

ಉತ್ತರ: ಟರ್ಮಿನಲ್ಲಿಗೆ ಹೋಗುವಾಗ ಸ್ಟ್ಯಾಂಡರ್ಡ್ ಔಟ್‌ಪುಟ್ ಸಾಲು ಮುಗಿದ ಕೂಡಲೇ ಹೊರಬರುತ್ತದೆ. ಫೈಲಿಗಾದರೆ ಬಫರ್ ತುಂಬುವವರೆಗೂ ಒಳಗೇ ಇರುತ್ತದೆ. ‘ಎಕ್ಸಿಟ್’ ಮೊದಲು ‘ಅಟ್‌ಎಕ್ಸಿಟ್’ನಲ್ಲಿ ನೋಂದಾಯಿಸಿದ ಫಂಕ್ಷನ್‌ಗಳನ್ನು ಕೊನೆಯದರಿಂದ ಮೊದಲಿಗೆ ಓಡಿಸಿ, ಆಮೇಲೆ ಆ ಬಫರನ್ನೂ ಬರೆದು ಮುಗಿಸುತ್ತದೆ. ‘ಅಬಾರ್ಟ್’ಗೆ ಆ ಗೊಡವೆಯಿಲ್ಲ. ಬಫರ್ ಬರೆಯಬೇಕೋ ಬೇಡವೋ ಎಂಬುದನ್ನು ಸಿ ಮಾನಕ ಆಯಾ ಅಳವಡಿಕೆಗೇ ಬಿಟ್ಟಿದೆ; ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ 2018ರ 2.27ನೇ ಆವೃತ್ತಿಯಿಂದ ಬರೆಯುವುದಿಲ್ಲ. ಹಾಗಾಗಿ ಕಾರಣವನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆಯಿರಿ, ಅದಕ್ಕೆ ಬಫರ್ ಇಲ್ಲ. ಅಥವಾ ‘ಎಫ್‌ಫ್ಲಶ್’ ಮಾಡಿ ಆಮೇಲೆ ‘ಅಬಾರ್ಟ್’ ಕರೆಯಿರಿ.

ಇದನ್ನೆಲ್ಲ ಸಿಗ್ನಲ್ ಹ್ಯಾಂಡ್ಲರಿನೊಳಗೆ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಮಾಡಹೋಗಬೇಡಿ. ಮೆಮೊರಿ ಕೆಟ್ಟಿರುವುದನ್ನು ಕಂಡು ‘ಮ್ಯಾಲಾಕ್’ ತಾನೇ ‘ಅಬಾರ್ಟ್’ ಕರೆದಿದ್ದರೆ, ಅಲ್ಲಿನ ‘ಪ್ರಿಂಟ್‌ಎಫ್’ ನೇತುಬೀಳಬಹುದು. ಅಲ್ಲಿ ಸಂದೇಶ ಬರೆಯಲು ‘ರೈಟ್’ ಕ್ಷೇಮ.

ಲಿನಕ್ಸ್‌ನಲ್ಲಿ ‘ಅಬಾರ್ಟ್’ ಕಳಿಸುವ ಸಿಗ್ನಲ್ಲಿನ ಸಂಖ್ಯೆ 6. ಶೆಲ್ಲಿನಲ್ಲಿ 128 ಸೇರಿ 134 ಎಂದು ಕಾಣುತ್ತದೆ. ಸ್ಕ್ರಿಪ್ಟಿನಲ್ಲಿ 134 ಕಂಡರೆ ‘ಯುಲಿಮಿಟ್ -ಸಿ ಅನ್‌ಲಿಮಿಟೆಡ್’ ಕೊಟ್ಟು ಮತ್ತೆ ಓಡಿಸಿ, ಸಿಕ್ಕ ಕೋರ್ ಫೈಲನ್ನು (ನಿಂತ ಕ್ಷಣದ ಮೆಮೊರಿಯ ಪ್ರತಿ) ಜಿಡಿಬಿ ಡಿಬಗ್ಗರಿನಲ್ಲಿ ತೆರೆದು ‘ಬಿಟಿ’ ಒತ್ತಿ, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬುದು ಕಾಣುತ್ತದೆ. ‘-ಜಿ’ ಹಾಕಿ ಕಂಪೈಲ್ ಮಾಡಿದ್ದರೆ ಸಾಲಿನ ಸಂಖ್ಯೆಯೂ ಸಿಗುತ್ತದೆ.

ಪ್ರಶ್ನೆ: ನಾನು ಬರೆಯುತ್ತಿರುವ ಲೈಬ್ರರಿಯಲ್ಲಿ ‘ಮ್ಯಾಲಾಕ್’ ನಲ್ ಕೊಟ್ಟರೆ ‘ಅಬಾರ್ಟ್’ ಮಾಡಲೇ?

ಉತ್ತರ: ಬೇಡ, ಎರರ್ ಕೋಡ್ ಹಿಂದಿರುಗಿಸಿ. ಬಳಸುವವರ ಸೇವ್ ಆಗದ ಕಡತದ ವಿಷಯ ನಿಮ್ಮ ಲೈಬ್ರರಿಗೆ ಗೊತ್ತಿರುವುದಿಲ್ಲ. ಜಿಲಿಬ್ ಎಂಬ ಬೇರೊಂದು ಲೈಬ್ರರಿಯ ‘ಜಿ_ಮ್ಯಾಲಾಕ್’ ಮೆಮೊರಿ ಸಿಗದಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ ನಿಜ, ಆದರೆ ನಲ್ ಕೊಡುವ ‘ಜಿ_ಟ್ರೈ_ಮ್ಯಾಲಾಕ್’ ಎಂಬ ದಾರಿಯನ್ನೂ ಇಟ್ಟಿದೆ. ನಿಮ್ಮದೇ ಕೋಡಿನ ತಪ್ಪು ಹಿಡಿಯಲು ‘ಅಸರ್ಟ್’ ಇದೆ. ಅದರ ಆವರಣದೊಳಗೆ ‘ಎಫ್‌ರೀಡ್’ನಂಥ ಕೆಲಸ ಇಡಬೇಡಿ, ‘ಅಸರ್ಟ್’ ತೆಗೆದುಹಾಕುವ ‘ಎನ್‌ಡಿಬಗ್’ ಹಾಕಿ ಕಂಪೈಲ್ ಮಾಡಿದ ದಿನ ಪರೀಕ್ಷೆಯ ಜೊತೆ ಓದುವ ಕೆಲಸವೂ ಮಾಯವಾಗುತ್ತದೆ.