ಒಂದು ಕಪ್ಪಿಗೆ ಎಂಥ ಕಾಫಿ ಯಂತ್ರ?

ಪ್ರಶ್ನೆ: ನಮ್ಮ ಮನೆಯಲ್ಲಿ ಕಾಫಿ ಕುಡಿಯುವವಳು ನಾನೊಬ್ಬಳೇ. ದಿನಕ್ಕೆ ಎರಡು ಸಲ, ಎರಡೂ ಸಲ ಹಾಲು ಬೇಕು. ಕ್ಯಾಪ್ಸೂಲ್ ಯಂತ್ರ (ಒಂದು ಕಪ್ಪಿಗಾಗುವ ಪುಡಿ ತುಂಬಿದ ಚಿಕ್ಕ ಡಬ್ಬಿ ಇಟ್ಟು ಕಾಫಿ ಇಳಿಸುವಂಥದ್ದು) ಕೊಳ್ಳೋಣವೆಂದರೆ ಒಂದರ ಮೇಲೆ 15 ಬಾರ್, ಇನ್ನೊಂದರ ಮೇಲೆ 19 ಬಾರ್ ಎಂದು ಬರೆದಿದೆ. ಬಾರ್ ಹೆಚ್ಚಿದ್ದಷ್ಟೂ ಒಳ್ಳೆಯದೆ?

ಉತ್ತರ: ಬಾರ್ ಲೆಕ್ಕವನ್ನು ಪಕ್ಕಕ್ಕಿಡಿ. ಅದು ಪಂಪು ಗರಿಷ್ಠ ಎಷ್ಟು ಒತ್ತಡ ಕೊಡಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಎಸ್ಪ್ರೆಸೊ, ಅಂದರೆ ಒತ್ತಡದ ಬಿಸಿನೀರಿನಿಂದ ತೆಗೆಯುವ ಗಟ್ಟಿ ಕಾಫಿ, ಇಳಿಯುವಾಗ ಪುಡಿಯ ಮೇಲೆ ಬೇಕಾದದ್ದು 9 ಬಾರ್ ಆಸುಪಾಸು. 15 ಆದರೂ 19 ಆದರೂ ಅಷ್ಟಂತೂ ಸಿಗುತ್ತದೆ.

ನೀವು ಕೇಳಬೇಕಾದದ್ದು ಎರಡು: ಒಂದು ಕ್ಯಾಪ್ಸೂಲಿನಲ್ಲಿ ಎಷ್ಟು ಗ್ರಾಂ ಪುಡಿ ಇದೆ? ಅದರ ಮೂಲಕ ಎಷ್ಟು ಮಿಲಿಲೀಟರ್ ನೀರು ಹಾಯುತ್ತದೆ? ನೆಸ್ಪ್ರೆಸೊ ಕಂಪನಿಯ ‘ಒರಿಜಿನಲ್’ ಮಾದರಿಯ ಕ್ಯಾಪ್ಸೂಲಿನಲ್ಲಿ ಐದರಿಂದ ಆರು ಗ್ರಾಂ ಪುಡಿ, ಎಸ್ಪ್ರೆಸೊ ಗುಂಡಿ ಒತ್ತಿದರೆ 40 ಮಿಲಿ ಕಾಫಿ. ಗಟ್ಟಿಯಾಗಿರುತ್ತದೆ, 100 ಮಿಲಿ ಬಿಸಿ ಹಾಲು ಬೆರೆಸಿದರೂ ಕಾಫಿಯ ರುಚಿ ಮುಳುಗುವುದಿಲ್ಲ. ಅದೇ ಕ್ಯಾಪ್ಸೂಲಿಗೆ 110 ಮಿಲಿಯ ಲುಂಗೊ (ಹೆಚ್ಚು ನೀರಿನ ಕಾಫಿ) ಗುಂಡಿ ಒತ್ತಿದರೆ ಪ್ರಮಾಣ ಹೆಚ್ಚುತ್ತದೆ, ಹದ ಕೆಡುತ್ತದೆ: ಪುಡಿಯ ಸಾರವೆಲ್ಲ ಮೊದಲೇ ಇಳಿದುಹೋಗಿ, ಆಮೇಲೆ ಬರುವುದು ಕಹಿ ನೀರು. ಬಹಳ ಜನ ‘ಈ ಯಂತ್ರದ ಕಾಫಿ ಚೆನ್ನಾಗಿಲ್ಲ’ ಎನ್ನುವುದು ಈ ಗುಂಡಿಯಿಂದಾಗಿಯೇ.

ಕ್ಯೂರಿಗ್‌ನ ಕೆ-ಕಪ್ ಬೇರೆ ಜಾತಿ. ಅದು ಒತ್ತಡದ ಯಂತ್ರವಲ್ಲ, ಒಂದೇ ಕಪ್ಪಿನ ಡ್ರಿಪ್ ಯಂತ್ರ (ಪುಡಿಯ ಮೇಲೆ ಬಿಸಿನೀರು ಹರಿಸಿ ಸೋಸುವಂಥದ್ದು) ಎಂದುಕೊಳ್ಳಿ. ಸುಮಾರು 10 ಗ್ರಾಂ ಪುಡಿ ಇರುತ್ತದೆ. ಡ್ರಿಪ್ ಕಾಫಿಗೆ ಲೀಟರಿಗೆ 55ರಿಂದ 60 ಗ್ರಾಂ ಎಂಬುದು ಒಪ್ಪಿತ ಅಳತೆ. ಆ ಲೆಕ್ಕದಲ್ಲಿ 240 ಮಿಲಿಯ ಕಪ್ಪಿಗೆ 13–14 ಗ್ರಾಂ ಬೇಕು, ಇಲ್ಲಿರುವುದು 10. ಅದರ ಮೇಲೆ ಹಾಲನ್ನೂ ಸುರಿದರೆ ಕಪ್ಪಿನಲ್ಲಿ ಉಳಿಯುವುದು ಬಣ್ಣ ಮಾತ್ರ. ಕೆ-ಕಪ್ಪನ್ನೇ ಇಷ್ಟಪಟ್ಟರೆ ಅತಿ ಚಿಕ್ಕ ಅಳತೆಯ ಗುಂಡಿ ಇರುವ ಯಂತ್ರ ನೋಡಿ, ಅದನ್ನೇ ಒತ್ತಿ.

ನೆಸ್ಪ್ರೆಸೊದ್ದೇ ವರ್ಟುವೊ ಮೂರನೆಯ ಬಗೆ. ಇದು ಕ್ಯಾಪ್ಸೂಲನ್ನು ನಿಮಿಷಕ್ಕೆ 7,000 ಸುತ್ತಿನವರೆಗೂ ಗಿರ್ರನೆ ತಿರುಗಿಸುತ್ತದೆ. ಅಂಚಿನಲ್ಲಿರುವ ಬಾರ್‌ಕೋಡ್ ಓದಿ ಎಷ್ಟು ನೀರು, ಎಷ್ಟು ವೇಗ ಎಂದು ತಾನೇ ನಿರ್ಧರಿಸುತ್ತದೆ. ದೊಡ್ಡ ಮಗ್ಗಿನ ತುಂಬ ಹಾಲಿಲ್ಲದ ಕಾಫಿ ಬೇಕೆನ್ನುವವರಿಗೆ ಹೇಳಿಮಾಡಿಸಿದ್ದು.

ನಿಮ್ಮದು ಹಾಲಿನ ಕಾಫಿ. ಒರಿಜಿನಲ್ ಬಗೆಯೇ ಸರಿ. ಒಂದು ಮಾತ್ರ ಮೊದಲೇ ನೋಡಿಕೊಳ್ಳಿ. ನಿಮ್ಮ ಲೋಟ 150 ಮಿಲಿಯದಾದರೆ ಒಂದು ಕ್ಯಾಪ್ಸೂಲ್ ಸಾಕು. 250 ಮಿಲಿಯದಾದರೆ ಎರಡು ಬೇಕು, ಅಂದರೆ ದಿನಕ್ಕೆ ನಾಲ್ಕು. ಖರ್ಚಿನ ಲೆಕ್ಕ ಅಲ್ಲಿಂದ ಶುರುವಾಗಬೇಕು, ಯಂತ್ರದ ಬೆಲೆಯಿಂದಲ್ಲ.

ಪ್ರಶ್ನೆ: ಒಂದು ಕಂಪನಿಯ ಯಂತ್ರ ಕೊಂಡರೆ ಜೀವನವಿಡೀ ಅವರ ಕ್ಯಾಪ್ಸೂಲಿಗೇ ಗಂಟುಬೀಳಬೇಕೆ?

ಉತ್ತರ: ಅದು ಯಾವ ಯಂತ್ರ ಎಂಬುದನ್ನು ಅವಲಂಬಿಸಿದೆ. ಒರಿಜಿನಲ್ ಮಾದರಿಯ ಪೇಟೆಂಟುಗಳ ಅವಧಿ ಮುಗಿದ ಮೇಲೆ ಅದಕ್ಕೆ ಹೊಂದುವ ಕ್ಯಾಪ್ಸೂಲುಗಳನ್ನು ಅನೇಕರು ಮಾಡುತ್ತಿದ್ದಾರೆ. ಕೆ-ಕಪ್ಪಿನ ಮುಖ್ಯ ಪೇಟೆಂಟುಗಳೂ 2012ರಲ್ಲಿ ಮುಗಿದವು. ಆಮೇಲೆ 2014ರಲ್ಲಿ ಕ್ಯೂರಿಗ್ ಹೊಸ ಯಂತ್ರ ತಂದು, ಮುಚ್ಚಳದ ಮೇಲಿನ ಗುರುತು ಓದಿ ಬೇರೆಯವರ ಪಾಡ್ ಅಂದರೆ ಕ್ಯಾಪ್ಸೂಲುಗಳನ್ನು ತಿರಸ್ಕರಿಸುವಂತೆ ಮಾಡಿತು. ಜನ ಸಿಟ್ಟಾದರು, ಮರುವರ್ಷವೇ ಕಂಪನಿ ಸ್ವಂತ ಪುಡಿ ತುಂಬಿಕೊಳ್ಳುವ ಫಿಲ್ಟರನ್ನು ವಾಪಸು ತರಬೇಕಾಯಿತು. ಬಾರ್‌ಕೋಡ್ ಓದುವ ವರ್ಟುವೊಗೆ ಮಾತ್ರ ಬೇರೆಯವರ ಕ್ಯಾಪ್ಸೂಲ್ ಸಿಗುವುದು ಅಪರೂಪ. ಕೊಳ್ಳುವ ಮೊದಲು ನಿಮ್ಮ ಕೈಗೆಟಕುವಂತೆ ಕನಿಷ್ಠ ಇಬ್ಬರು ತಯಾರಕರ ಕ್ಯಾಪ್ಸೂಲ್ ಸಿಗುತ್ತದೆಯೇ ನೋಡಿ. ಇಲ್ಲವೆಂದಾದರೆ ಆ ಯಂತ್ರ ಬೇಡ.

ಪ್ರಶ್ನೆ: ಕ್ಯಾಪ್ಸೂಲಿನ ಕಸ ನೋಡಿ ಬೇಸರವಾಗಿ ಸ್ಟೀಲಿನ ಮರುಬಳಕೆ ಕ್ಯಾಪ್ಸೂಲ್ (ಒರಿಜಿನಲ್ ಮಾದರಿ) ಕೊಂಡೆ. ಕಾಫಿ ನೀರುನೀರಾಗಿದೆ, ಬದಿಯಿಂದ ಸೋರುತ್ತದೆ ಕೂಡ.

ಉತ್ತರ: ಎರಡು ದೂರಿಗೂ ಕಾರಣ ಬೇರೆಬೇರೆ. ನೀರಾಗುವುದು ಪುಡಿಯ ತರಿಯಿಂದ. ಡ್ರಿಪ್ ಕಾಫಿಗೆ ಬೀಸಿದ ಪುಡಿ ಇದಕ್ಕೆ ದಪ್ಪವಾಯಿತು. ಬೆರಳ ನಡುವೆ ಉಜ್ಜಿದರೆ ಪುಡಿಯುಪ್ಪಿಗಿಂತ ನುಣುಪಾಗಿರಬೇಕು, ಹಿಟ್ಟಿನಷ್ಟು ನುಣ್ಣಗಾಗಬಾರದು. ಅಂಚಿಗೆ ಎರಡು ಮಿಲಿಮೀಟರ್ ಕಡಿಮೆ ಬರುವಂತೆ ತುಂಬಿ, ಸಮನಾಗಿ ಒತ್ತಿ. ಗಡಿಯಾರ ಹಿಡಿದು ನೋಡಿ: 40 ಮಿಲಿ ಇಳಿಯಲು 20ರಿಂದ 30 ಸೆಕೆಂಡು ಹಿಡಿದರೆ ಹದ ಬಂದಿದೆ. ಹತ್ತೇ ಸೆಕೆಂಡಿಗೆ ಸುರಿದುಬಿಟ್ಟರೆ ಪುಡಿ ದಪ್ಪ ಅಥವಾ ಕಡಿಮೆ. ಪಂಪು ನರಳುತ್ತ ತೊಟ್ಟುತೊಟ್ಟಾಗಿ ಬಂದರೆ ಪುಡಿ ತೀರ ನುಣ್ಣಗೆ, ಕೂಡಲೇ ನಿಲ್ಲಿಸಿ.

ಸೋರುವುದು ಅಂಚಿನಿಂದ. ಅಲ್ಲಿ ನಾಲ್ಕು ಕಣ ಪುಡಿ ಕೂತಿದ್ದರೂ ಮುಚ್ಚಳ ಗಟ್ಟಿಯಾಗಿ ಕೂರುವುದಿಲ್ಲ, ಒತ್ತಡದ ನೀರು ಆ ಸಂದಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ತುಂಬಿದ ಮೇಲೆ ಬೆರಳಿನಿಂದ ಅಂಚನ್ನು ಒಂದು ಸುತ್ತು ಒರೆಸಿ. ಆಗಲೂ ಸೋರಿದರೆ ಕ್ಯಾಪ್ಸೂಲಿನ ರಬ್ಬರ್ ಉಂಗುರ ಬದಲಿಸಿ.

ಪ್ರಶ್ನೆ: ಆರು ತಿಂಗಳ ಹಿಂದೆ ಕೊಂಡ ಕೆ-ಕಪ್ ಯಂತ್ರ ಈಗ ಅರ್ಧ ಕಪ್ಪಿಗೇ ನಿಲ್ಲುತ್ತದೆ, ಸದ್ದೂ ಹೆಚ್ಚಾಗಿದೆ. ಪಂಪು ಹೋಯಿತೆ?

ಉತ್ತರ: ಪಂಪನ್ನು ಕೊನೆಯಲ್ಲಿ ಅನುಮಾನಿಸಿ. ಮೊದಲು ಪಾಡ್ ಇಲ್ಲದೆ ಬರೀ ನೀರು ಹರಿಸಿ, ಅಳೆಯುವ ಲೋಟದಲ್ಲಿ ಹಿಡಿಯಿರಿ. ಪೂರ್ತಿ ಬಂದರೆ ತೊಂದರೆ ಪಾಡ್ ಇಡುವ ಕಡೆ ಇದೆ ಎಂದರ್ಥ. ಅಲ್ಲಿ ಎರಡು ಸೂಜಿಗಳಿವೆ: ಮೇಲಿನದು ನೀರು ಚುಚ್ಚುವುದಕ್ಕೆ, ಕೆಳಗಿನದು ಕಾಫಿ ಇಳಿಯುವುದಕ್ಕೆ. ಇವುಗಳ ತೂತಿನಲ್ಲಿ ಚರಟ ಕಟ್ಟಿಕೊಂಡಿರುತ್ತದೆ. ಪ್ಲಗ್ ಕಿತ್ತು, ಯಂತ್ರ ಆರಿದ ಮೇಲೆ, ನೇರ ಮಾಡಿದ ಪೇಪರ್ ಕ್ಲಿಪ್ಪನ್ನು ತೂತಿನೊಳಗೆ ಮೆಲ್ಲಗೆ ಆಡಿಸಿ. ಸೂಜಿ ಬಲು ಚೂಪು, ಬೆರಳು ಜೋಪಾನ. ಆಮೇಲೆ ಎರಡು ಸಲ ಬರೀ ನೀರು ಹರಿಸಿ.

ಬರೀ ನೀರೂ ಕಡಿಮೆಯೇ ಬಂದರೆ ಗಾಳಿ ಸಿಕ್ಕಿಕೊಂಡಿರಬಹುದು, ಇಲ್ಲವೇ ಸುಣ್ಣ ಕಟ್ಟಿರಬಹುದು. ಟ್ಯಾಂಕ್ ಪೂರ್ತಿ ಬರಿದಾದ ಮೇಲೆ ಶುರುವಾದ ತೊಂದರೆಯಾದರೆ ಗಾಳಿ: ಟ್ಯಾಂಕನ್ನು ತುಂಬಿ, ತೆಗೆದು ಮತ್ತೆ ಕೂರಿಸಿ, ಮೂರು ನಾಲ್ಕು ಸಲ ನೀರು ಹರಿಸಿದರೆ ಸರಿಹೋಗುತ್ತದೆ. ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಕಡಿಮೆಯಾಗುತ್ತ ಬಂದಿದ್ದರೆ ಸುಣ್ಣ. ತಯಾರಕರ ದ್ರಾವಣವೇ ಉತ್ತಮ. ಸಿಗದಿದ್ದರೆ, ಕೈಪಿಡಿ ಬೇಡವೆನ್ನದಿದ್ದರೆ, ಒಂದು ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಕರಗಿಸಿ ಅರ್ಧ ಹರಿಸಿ. ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದು ಹರಿಸಿ, ಎರಡು ಟ್ಯಾಂಕ್ ಶುದ್ಧ ನೀರಿನಿಂದ ತೊಳೆಯಿರಿ. ಬೇಗ ಆಗಲೆಂದು ಅಳತೆ ಹೆಚ್ಚಿಸಬೇಡಿ: ಬಿಸಿಯಲ್ಲಿ ಗಾಢ ಸಿಟ್ರಿಕ್ ಆಮ್ಲ ಸುಣ್ಣದೊಂದಿಗೆ ಸೇರಿ ಕರಗದ ಇನ್ನೊಂದು ಪದರವಾಗಿ ಕೂರಬಹುದು. ವಿನೆಗರ್ ಬೇಡ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ರಬ್ಬರಿಗೂ ಒಳ್ಳೆಯದಲ್ಲ. ಎಷ್ಟು ದಿನಕ್ಕೊಮ್ಮೆ ಎಂದು ತಿಳಿಯಲು ನೀರು ಕಾಯಿಸುವ ಕೆಟಲ್ ನೋಡಿ. ತಿಂಗಳೊಳಗೆ ತಳ ಬೆಳ್ಳಗಾದರೆ ನಿಮ್ಮದು ಗಡಸು ನೀರು, ಎರಡು ಮೂರು ತಿಂಗಳಿಗೊಮ್ಮೆ ಮಾಡಲೇಬೇಕು.

ಪ್ರಶ್ನೆ: ವಿದೇಶದಿಂದ ತಂದ 120 ವೋಲ್ಟಿನ ಯಂತ್ರವನ್ನು 230 ವೋಲ್ಟಿಗೆ ಪ್ಲಗ್ ಅಡಾಪ್ಟರ್ ಹಾಕಿ ಬಳಸಬಹುದೆ?

ಉತ್ತರ: ಖಂಡಿತ ಬೇಡ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಹೀಟರಿನ ಮೇಲೆ ಮೂರೂವರೆ ಪಟ್ಟಿಗಿಂತ ಹೆಚ್ಚು ವಿದ್ಯುತ್ ಶಕ್ತಿ (ವ್ಯಾಟ್) ಬಿದ್ದು ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಬಹುದು. ಆದರೆ 1,500 ವ್ಯಾಟ್ ತಡೆಯುವಂಥದ್ದು ಯಂತ್ರಕ್ಕಿಂತ ಭಾರವಾದೀತು.

ಪ್ರಶ್ನೆ: ಯಂತ್ರವೇ ಇಲ್ಲದೆ ಒಬ್ಬರಿಗೆ ಒಂದು ಕಪ್?

ಉತ್ತರ: ಬಿಸಿನೀರು ಕಾಯಿಸುವ ತಾಳ್ಮೆ ಇದ್ದರೆ ಏರೋಪ್ರೆಸ್, ಅಂದರೆ ಕೊಳವೆಯಲ್ಲಿ ಪುಡಿ ನೆನೆಸಿ ಕೈಯಿಂದ ಒತ್ತಿ ಕಾಫಿ ಇಳಿಸುವ ಸಾಧನ. 15 ಗ್ರಾಂ ಪುಡಿ, 200 ಮಿಲಿ ನೀರು, ಒಂದೂವರೆ ನಿಮಿಷ ನೆನೆಸಿ ನಿಧಾನ ಒತ್ತಿ. ಚರಟ ಬಿಲ್ಲೆಯಂತೆ ಹೊರಬೀಳುತ್ತದೆ, ತೊಳೆಯುವ ರಗಳೆ ಕಡಿಮೆ. ಹಾಲಿಗೆ ಬೆರೆಸುವ ಗಟ್ಟಿ ಕಾಫಿ ಬೇಕಾದರೆ ಮೋಕಾ ಪಾತ್ರೆ: ಒಲೆಯ ಮೇಲಿಟ್ಟರೆ ಹಬೆಯ ಒತ್ತಡಕ್ಕೆ ನೀರು ಪುಡಿಯ ಮೂಲಕ ಮೇಲೇರುತ್ತದೆ. ಆದರೆ ಒಂದು ಕಪ್ಪಿನದೇ ಕೊಳ್ಳಿ. ಮೂರು ಕಪ್ಪಿನದರಲ್ಲಿ ಪುಡಿ ಹಾಕುವ ಬುಟ್ಟಿಯನ್ನು ಅರ್ಧವಷ್ಟೇ ತುಂಬಿದರೆ ಸಡಿಲ ಪುಡಿಯ ನಡುವೆ ನೀರು ಸಂದಿ ಹುಡುಕಿಕೊಂಡು ನುಗ್ಗಿ, ಒಂದೆಡೆ ಕಹಿ, ಒಂದೆಡೆ ಸಪ್ಪೆಯಾಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಟ್ಯಾಂಕಿಗೆ ನೀರಿನ ಬದಲು ಹಾಲು ಹಾಕಿದರೆ?

ಉತ್ತರ: ಒಂದೇ ಸಲಕ್ಕೆ ಹೀಟರಿನ ಸಣ್ಣ ಕೊಳವೆಯಲ್ಲಿ ಹಾಲು ಸೀದು ಅಂಟುತ್ತದೆ. ಅದನ್ನು ಬಿಚ್ಚಿ ತೊಳೆಯುವ ದಾರಿಯಿಲ್ಲ.