ಮುಂಗಡವಿಲ್ಲದ ಒಂದು ಮಳೆಗಾಲ

ಓದು ಬರಹ ಇಲ್ಲದ, ಕೈಯಲ್ಲಿ ಕಸುಬೂ ಇಲ್ಲದ ಕುಟುಂಬ ತಲೆಮಾರುಗಳ ಬಡತನದಿಂದ ಮೇಲೇಳುವುದು ಹೇಗೆ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕುಳಿತವರಿಗೆ ಇದಕ್ಕೆ ಉತ್ತರ ತರಬೇತಿ ಎಂದು ತೋರುತ್ತದೆ. ಎಷ್ಟೋ ಜನ ನಮ್ಮ ಕಡೆಗೆ ಹೊಲಿಗೆ ಯಂತ್ರ ಹೊತ್ತು ತಂದಿದ್ದಾರೆ. ವಿಜಯಪುರ ಜಿಲ್ಲೆಯ ಇಂಡಿ, ಚಡಚಣದ ಕಡೆ, ಭೀಮಾ ನದಿಯ ಈ ದಂಡೆಯಲ್ಲಿ ಬದುಕಿದವರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ. ಇಲ್ಲಿ ದುಡಿಯುವುದಕ್ಕೆ ಮೊದಲೇ ಹಣ ಕೈಗೆ ಬರುತ್ತದೆ. ಆ ಹಣವೇ ಕುಟುಂಬವನ್ನು ಕಟ್ಟಿಹಾಕುತ್ತದೆ.

ಹೇಗೆ ಎಂದು ವಿವರವಾಗಿ ಹೇಳುತ್ತೇನೆ. ದೀಪಾವಳಿಯ ಆಸುಪಾಸಿನಲ್ಲಿ ನಮ್ಮ ಊರುಗಳಿಂದ, ಅದರಲ್ಲೂ ತಾಂಡಾಗಳಿಂದ, ಜನ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಪಾತ್ರೆ, ಜೋಳದ ಚೀಲ, ತಾಡಪತ್ರಿ, ಅದರ ಮೇಲೆ ಮಕ್ಕಳು. ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರದ ಕಡೆ ಕೆಲವರು, ಬೆಳಗಾವಿ, ಬಾಗಲಕೋಟೆಯ ಕಡೆ ಕೆಲವರು. ಮರಳುವುದು ಯುಗಾದಿಯ ಹೊತ್ತಿಗೆ. ಗಡಿಯಾಚೆ ಮಹಾರಾಷ್ಟ್ರದ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಈ ಜೋಡಿಗೆ ಗ್ಯಾಂಗಿನ ಮುಕಾದಮ, ಅಂದರೆ ಆಳು ಸೇರಿಸುವ ಮೇಸ್ತ್ರಿ, ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಮರಾಠಿಯಲ್ಲಿ ಉಚಲ್ ಎನ್ನುತ್ತಾರೆ, ನಮ್ಮವರ ಬಾಯಲ್ಲೂ ಅದೇ ಮಾತು. ಹತ್ತಾರು ಸಾವಿರದಿಂದ ಹಿಡಿದು ಜೋಡಿಗೆ ಲಕ್ಷ ದಾಟುವುದೂ ಉಂಟು. ಕಡಿದ ಕಬ್ಬಿನ ಟನ್ ಲೆಕ್ಕದಲ್ಲಿ ಅದು ತೀರಬೇಕು. ಜ್ವರ ಬಂದು ಒಂದು ದಿನ ಮಲಗಿದರೆ 'ಖಾಡಾ' ಎಂದು ದಂಡ ಬೀಳುತ್ತದೆ. ಹಂಗಾಮು ಮುಗಿದಾಗ ಎಷ್ಟೋ ಜೋಡಿಗಳ ಲೆಕ್ಕದಲ್ಲಿ ಬಾಕಿಯೇ ಉಳಿದಿರುತ್ತದೆ. ಆ ಬಾಕಿ ಹೊತ್ತು ಊರಿಗೆ ಬಂದವರು ಮಳೆಗಾಲದಲ್ಲಿ ಹೊಟ್ಟೆಗೆ ಏನು ಮಾಡಬೇಕು? ಮತ್ತೆ ಉಚಲ್.

ಸಾಲಕ್ಕೆ ಆಳನ್ನು ಕಟ್ಟಿಕೊಳ್ಳುವುದನ್ನು 1976ರ ಜೀತ ನಿರ್ಮೂಲನ ಕಾಯ್ದೆ ನಿಷೇಧಿಸಿದೆ. ಕಾಗದದ ಮೇಲೆ ಅದು ದೊಡ್ಡ ಕಾನೂನು. ಆದರೆ ಆಗಸ್ಟಿನಲ್ಲಿ ಹಿಟ್ಟಿನ ಡಬ್ಬಿ ಬರಿದಾದ ಮನೆಗೆ ಬಂದು ನೋಟು ಎಣಿಸಿ ಕೊಡುವವನು ಮುಕಾದಮ ಮಾತ್ರ. ಹಾಗಾಗಿ ನನ್ನ ಮಟ್ಟಿಗೆ ಬಡತನ ದಾಟುವ ಮೊದಲ ಹೆಜ್ಜೆ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಒಂದೇ ಒಂದು ಮಳೆಗಾಲವನ್ನು ಮುಂಗಡ ಮುಟ್ಟದೆ ಕಳೆಯುವುದು. ಒಮ್ಮೆ ಅದು ಸಾಧ್ಯವಾದರೆ ಮುಂದಿನ ಹಂಗಾಮಿಗೆ ಹೋದರೂ ಕೂಲಿ ಕೇಳಿ ಪಡೆಯಬಹುದು, ಸರಿಬರದಿದ್ದರೆ ಗಂಟು ಕಟ್ಟಿಕೊಂಡು ಊರಿಗೆ ಮರಳಬಹುದು.

ಆ ನಾಲ್ಕು ತಿಂಗಳಿಗೆ ಆಸರೆ ಎಲ್ಲಿಂದ ಬರುತ್ತದೆ? ಪಡಿತರ ಇದೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ; ಕಂತು ತಡವಾಗುವುದು ಉಂಟಾದರೂ ಅದು ಮನೆಯೊಡತಿಯ ಹೆಸರಿಗೆ ಬೀಳುವ ಹಣ, ಯಾರಿಗೂ ಅದರ ಋಣವಿಲ್ಲ. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯ ಕೆಲಸ. 2025-26ರಲ್ಲಿ ಅದರ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಹೊಳೆಯಾಚೆ ಮಹಾರಾಷ್ಟ್ರದಲ್ಲಿ 312. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂಬುದು ನಮ್ಮ ಭಾಗದಲ್ಲಿ ಸಣ್ಣ ಸಂಗತಿಯಲ್ಲ. ಕೆಲಸ ಬೇಕೆಂದು ಬಾಯಲ್ಲಿ ಹೇಳಿ ಬಂದರೆ ಸಾಲದು, ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ಕೇಳಿ ಪಡೆಯಬೇಕು.

ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಆಡನ್ನು. ನಮ್ಮ ಕಡೆ ಪಾಲಿನ ಮೇಲೆ ಆಡು ಸಾಕುವ ಪದ್ಧತಿ ಇದೆ. ಆಡು ಉಳ್ಳವರು ಒಂದು ಹೆಣ್ಣಾಡು ಕೊಡುತ್ತಾರೆ, ಸಾಕಿದವರಿಗೆ ಮರಿಗಳಲ್ಲಿ ಅರ್ಧ ಪಾಲು. ಕೈಯಿಂದ ಒಂದು ಕಾಸೂ ಹಾಕಬೇಕಿಲ್ಲ. ಗಡಿಯ ಎರಡೂ ಬದಿಗೆ ಸಿಗುವ ಉಸ್ಮಾನಾಬಾದಿ ತಳಿ ಕಪ್ಪು ಬಣ್ಣದ್ದು, ಬರಕ್ಕೆ ಜಗ್ಗುವುದಿಲ್ಲ, ಬೇಲಿಯ ಸೊಪ್ಪು ತಿಂದು ಬದುಕುತ್ತದೆ. ಐದು ತಿಂಗಳ ಗರ್ಭ, ಅವಳಿ ಮರಿ ಸಾಮಾನ್ಯ. ಪಾಲಿಗೆ ಬಂದ ಮೊದಲ ಹೆಣ್ಣುಮರಿಯನ್ನು ಏನೇ ಕಷ್ಟ ಬಂದರೂ ಮಾರಬಾರದು. ಅದು ಮನೆಯದೇ ಆಡಾಗಬೇಕು. ಗಂಡುಮರಿಯನ್ನು ಮೇಯಿಸಿ ಬಕ್ರೀದಿಗೆ ಮುಂಚಿನ ಸಂತೆಗಳಿಗೆ ಹೊಡೆದುಕೊಂಡು ಹೋದರೆ ವರ್ಷದ ಒಳ್ಳೆಯ ದರ ಸಿಗುತ್ತದೆ. ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2023ರಿಂದ 2025ರವರೆಗೆ ಅದು ಜೂನ್‌ನಲ್ಲೇ ಬಂತು, ಅಂದರೆ ಮನೆಗೆ ಹಣ ಅತ್ಯಂತ ಬೇಕಾದ ಹೊತ್ತಿನಲ್ಲಿ. ಆ ಮೂರು ವರ್ಷಗಳಲ್ಲಿ ಹೋತ ಮಾರಿದ ಹಣದಲ್ಲಿ ಜೋಳ ತುಂಬಿಸಿ ಮುಕಾದಮನನ್ನು ಬಾಗಿಲಿನಿಂದಲೇ ಕಳಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಆಡುಗಳಿಗೆ ಬರುವ ಪಿಪಿಆರ್ ಎಂಬ ಸಾಂಕ್ರಾಮಿಕ ರೋಗಕ್ಕೆ ಲಸಿಕೆ ಹಾಕಿಸದೆ ಇಡೀ ಹಿಂಡನ್ನು ಕಳೆದುಕೊಂಡವರೂ ಇದ್ದಾರೆ. ಪಶು ಆಸ್ಪತ್ರೆಗೆ ಹೋಗಲು ಸಂಕೋಚ ಬೇಡ ಎಂದು ನಾನು ಸಿಕ್ಕವರಿಗೆಲ್ಲ ಹೇಳುವುದು ಅದಕ್ಕೇ.

ಇನ್ನು ಕಸುಬು. ಶಾಲೆ ಕಾಣದವರಿಗೆ ಕಸುಬು ಬರುವುದಿಲ್ಲ ಎನ್ನುವವರು ನಮ್ಮ ದ್ರಾಕ್ಷಿ ತೋಟಗಳಿಗೆ ಬರಬೇಕು. ತಿಕೋಟಾ, ಬಬಲೇಶ್ವರ, ಅಥಣಿ, ಆಚೆಗೆ ಜತ್ತ, ತಾಸಗಾಂವ, ಇದೆಲ್ಲ ದ್ರಾಕ್ಷಿಯ ಸೀಮೆ. ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ. ಏಪ್ರಿಲ್‌ನಲ್ಲಿ ಕಡ್ಡಿಯನ್ನು ಒಂದೆರಡು ಕಣ್ಣಿಗೆ (ಚಿಗುರೊಡೆಯುವ ಮೊಗ್ಗಿಗೆ) ಮೋಟು ಮಾಡುತ್ತಾರೆ. ಅಕ್ಟೋಬರ್‌ನಲ್ಲಿ ಗೊಂಚಲು ಎಷ್ಟನೆಯ ಕಣ್ಣಿನಲ್ಲಿ ಅಡಗಿದೆ ಎಂದು ತಿಳಿದು ಅದರಾಚೆಗೆ ಕತ್ತರಿ ಹಾಕಬೇಕು. ಒಂದು ಕಣ್ಣು ತಪ್ಪಿದರೆ ಆ ಕಡ್ಡಿಯ ಬೆಳೆ ಹೋಯಿತು. ನಮ್ಮ ಓಣಿಯ ಒಬ್ಬ ಅಕ್ಕನಿಗೆ ಸಹಿ ಹಾಕಲು ಬರುವುದಿಲ್ಲ. ಮೊದಮೊದಲು ಅವರದು ಕತ್ತರಿಸಿದ ಕಡ್ಡಿ ಆರಿಸಿ ಬದುವಿಗೆ ಹಾಕುವ ಕೆಲಸ. ಆಮೇಲೆ ಕಾಯಿ ವಿರಳ ಮಾಡುವುದು, ಗೊಂಚಲನ್ನು ಔಷಧಿ ನೀರಿನಲ್ಲಿ ಅದ್ದುವುದು ಕಲಿತರು. ಈಗ ಕಡ್ಡಿಯ ದಪ್ಪವನ್ನು ಹೆಬ್ಬೆರಳಿನಲ್ಲಿ ತಡವಿ, ಕಣ್ಣು ಎಣಿಸಿ, ಮಾತಾಡುತ್ತಲೇ ಕತ್ತರಿಸುತ್ತಾರೆ. ಹೆಂಗಸರ ಗುಂಪು ಕಟ್ಟಿಕೊಂಡು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತಾರೆ. ಫೆಬ್ರುವರಿಯಿಂದ ಕಟಾವು, ಒಣದ್ರಾಕ್ಷಿ ಶೆಡ್ಡಿನ ಕೆಲಸ, ಅದು ಮುಗಿಯುವಷ್ಟರಲ್ಲಿ ಮತ್ತೆ ಚಾಟ್ನಿ. ಕೂಲಿ ಕೆಲಸದ ನಂತರ ಬರುತ್ತದೆ, ಸಂಜೆಗೆ ಮನೆ ಸೇರುತ್ತಾರೆ. ಕಬ್ಬಿಗೂ ದ್ರಾಕ್ಷಿಗೂ ಇರುವ ಈ ವ್ಯತ್ಯಾಸ ಒಂದು ಕುಟುಂಬದ ಇಡೀ ಬಾಳನ್ನು ಬದಲಿಸಬಲ್ಲದು. ಈ ಕಸುಬನ್ನು ಆ ಅಕ್ಕನಿಗೆ ಯಾವ ತರಬೇತಿ ಕೇಂದ್ರವೂ ಕಲಿಸಲಿಲ್ಲ, ಒಬ್ಬ ಹಿರಿಯ ಕೂಲಿಯವರು ಪಕ್ಕದ ಸಾಲಿನಲ್ಲಿ ನಿಲ್ಲಿಸಿಕೊಂಡು ಕಲಿಸಿದರು.

ಕಬ್ಬಿಗೇ ಹೋಗಬೇಕಾದವರಿಗೆ ಒಂದು ಮಾತು. ಕಾರ್ಖಾನೆಯ ತೂಕದ ಚೀಟಿಯ ಫೋಟೊ ಮೊಬೈಲಿನಲ್ಲಿ ಇರಲಿ, ಪ್ರತಿ ಖೇಪಿನದೂ. ಓದಲು ಬಾರದಿದ್ದರೂ ಸರಿ, ಲೆಕ್ಕದ ದಿನ ಓದಬಲ್ಲ ಒಬ್ಬ ಹುಡುಗ ಪಕ್ಕದಲ್ಲಿದ್ದರೆ ಸಾಕು. ಮುಕಾದಮನ ವಹಿಯೊಂದೇ ಸಾಕ್ಷಿಯಾಗಿದ್ದಾಗ ಟನ್ನುಗಳು ಕರಗುತ್ತವೆ.

ಸಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದದ್ದು. ಸ್ತ್ರೀಶಕ್ತಿ ಸಂಘದ ಸಾಲ ಮತ್ತು ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಒಂದೇ ಅಲ್ಲ. ಹಂಗಾಮಿನ ದುಡಿಮೆ ಇರುವವರಿಗೆ ವಾರವಾರ ಕಂತು ಕಟ್ಟಲು ಎಲ್ಲಿಂದ ಬರಬೇಕು? ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ ಎತ್ತಿದ ಮನೆಗಳೇ ಊರು ಬಿಟ್ಟು ಹೋಗಿದ್ದು. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ರೋಗ ಬಂದಾಗ ಗಡಿ ದಾಟಿ ಸೊಲ್ಲಾಪುರಕ್ಕೋ ಮಿರಜಕ್ಕೋ ಓಡುವುದು ನಮ್ಮ ರೂಢಿ. ಜೀವಕ್ಕೆ ತುರ್ತಿಲ್ಲದಿದ್ದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯಿರಿ, ಆರೋಗ್ಯ ಕಾರ್ಡು ನಡೆಯುವುದು ಆ ದಾರಿಯಲ್ಲಿ.

ಗಡಿಯ ತೊಡಕು ಇನ್ನೊಂದಿದೆ. ಆರು ತಿಂಗಳು ಆಚೆ, ಆರು ತಿಂಗಳು ಈಚೆ ಇರುವವರು ಎರಡೂ ಸರ್ಕಾರಗಳ ಕಣ್ಣಿಗೆ ಬೀಳುವುದಿಲ್ಲ. 2020ರ ಜನವರಿಯಿಂದ ಪಡಿತರ ಚೀಟಿಯ ಮೇಲೆ ಮಹಾರಾಷ್ಟ್ರದ ಅಂಗಡಿಯಲ್ಲೂ ಕೇಂದ್ರದ ಪಾಲಿನ ಧಾನ್ಯ ಎತ್ತಬಹುದು. ಕಬ್ಬಿನ ಫಡದಲ್ಲಿ, ಅಂದರೆ ಕಬ್ಬು ಕಡಿಯುವ ಜಾಗದಲ್ಲಿ, ಇರುವ ಎಷ್ಟೋ ಜನರಿಗೆ ಇದು ತಿಳಿದೇ ಇಲ್ಲ, ಅಂಗಡಿಯವರು ಹೇಳುವುದೂ ಇಲ್ಲ. ಹೊರಗಿನಿಂದ ಬರುವ ನಿಮ್ಮಂಥವರು ಹೊಲಿಗೆ ಯಂತ್ರದ ಬದಲು ಈ ಒಂದು ತಿಳಿವಳಿಕೆಯನ್ನು ಫಡಫಡಕ್ಕೆ ಹೋಗಿ ಹೇಳಿದರೂ ದೊಡ್ಡ ಉಪಕಾರ.

ಮಕ್ಕಳನ್ನು ಮಾತ್ರ ಟ್ರೇಲರ್ ಹತ್ತಿಸಬಾರದು. ಹಾಸ್ಟೆಲ್ಲಿನ ಅರ್ಜಿ ಕರೆಯುವುದು ಜೂನ್ ಸುಮಾರಿಗೆ, ಗುಳೆ ಹೊರಡುವುದು ಅಕ್ಟೋಬರ್‌ನಲ್ಲಿ. ಹೊರಡುವ ಹೊತ್ತಿಗೆ ನೆನಪಾದರೆ ಸೀಟು ತುಂಬಿರುತ್ತದೆ. ಆದ್ದರಿಂದ ಯುಗಾದಿಗೆ ಮರಳಿದ ಕೂಡಲೇ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ ಇಟ್ಟುಕೊಳ್ಳಬೇಕು. ನಮ್ಮ ಓಣಿಯಲ್ಲಿ ಈಗ ಆ ಕೆಲಸಕ್ಕೆ ಎಲ್ಲರನ್ನೂ ಎಬ್ಬಿಸಿಕೊಂಡು ಹೋಗುವವರು ಚಾಟ್ನಿಯ ಆ ಅಕ್ಕನೇ.