ತಪ್ಪು ಯಾರದ್ದೆಂದು ಹೇಳುವ ಮಾತುಗಳು: ಲೇಖಕಿಯೊಬ್ಬರಿಗೆ ಉತ್ತರ

ಪ್ರಿಯ ಲೇಖಕಿಯವರಿಗೆ, ನಮಸ್ಕಾರ.

'ದುರದೃಷ್ಟಕ್ಕೆ ಇಂಗ್ಲಿಷಿನ ನಲವತ್ತು ಮಾತು' ಎಂಬ ನಿಮ್ಮ ಲೇಖನ ಓದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿಗೆ ಅಂಜಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಮಿಸ್‌ಹ್ಯಾಪ್, ಡಿಸಾಸ್ಟರ್, ಕೆಲಾಮಿಟಿ, ಟ್ರ್ಯಾಜಿಡಿ, ಜಿಂಕ್ಸ್ ಎಲ್ಲದರ ಎದುರೂ 'ದುರದೃಷ್ಟ' ಎಂದೇ ಬರೆದಿದ್ದೀರಿ. ಇದನ್ನು ಬಾಯಿಪಾಠ ಮಾಡಿದ ಮಗು ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯದೆ ಮೊದಲಿಗಿಂತ ಹೆಚ್ಚು ಅಂಜುತ್ತದೆ.

ಮಿಸ್‌ಹ್ಯಾಪ್ ಅಂದರೆ ಸಣ್ಣ ಎಡವಟ್ಟು. ಹಾಲಿನ ಪಾತ್ರೆ ಉರುಳಿತು, ಸ್ಕೂಟರ್ ಜಾರಿ ಮೊಣಕೈ ತರಚಿತು ಎಂಬಂಥದ್ದು. ನೀವು ಉದಾಹರಣೆಗೆ ತೆಗೆದುಕೊಂಡದ್ದು 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಆದ ವಿಮಾನ ದುರಂತ. ದುಬೈಯಿಂದ ಬಂದ ಆ ವಿಮಾನದಲ್ಲಿ 158 ಮಂದಿ ಸತ್ತರು, 8 ಮಂದಿ ಉಳಿದರು. ಸತ್ತವರಲ್ಲಿ ನಮ್ಮ ಜಿಲ್ಲೆಯವರು ಎಷ್ಟೋ ಮಂದಿ ಇದ್ದರು. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳು ಸಾವಿನ ಸುದ್ದಿಗೂ ಮಿಸ್‌ಹ್ಯಾಪ್ ಎಂದು ಬರೆಯುವುದುಂಟು, ನಿಮಗೂ ಅಲ್ಲಿಂದಲೇ ಬಂದಿರಬೇಕು. ಇಂಗ್ಲೆಂಡಿನವರ ಕಿವಿಗೆ ಅದು ಸಾವನ್ನು ಹಗುರ ಮಾಡಿದಂತೆ ಕೇಳುತ್ತದೆ. ಮಕ್ಕಳಿಗೆ ಹೇಳಬೇಕಾದದ್ದು ಇಂಥ ವಿಷಯ.

ಅದೇ ಉದಾಹರಣೆಯಲ್ಲಿ ನನಗೆ ಇನ್ನೂ ದೊಡ್ಡ ತಕರಾರಿದೆ. ವಿಮಾನ ಇಳಿಯುತ್ತಿದ್ದ ರೀತಿ ಸರಿಯಿಲ್ಲದಿದ್ದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ ಎಂದು ತನಿಖೆ ಹೇಳಿತು. ಮತ್ತೆ ಮೇಲೇರೋಣ ಎಂದು ಸಹಪೈಲಟ್ ಎಚ್ಚರಿಸಿದ್ದು ಧ್ವನಿಮುದ್ರಣದಲ್ಲಿ ಸಿಕ್ಕಿತು. ಬದುಕಿದವರದು ಅದೃಷ್ಟ ಅಂದರೆ ಒಪ್ಪುತ್ತೇನೆ. ಸತ್ತವರದು ದುರದೃಷ್ಟ ಎಂದು ಅಷ್ಟಕ್ಕೇ ಮುಗಿಸಿದರೆ ಒಪ್ಪುವುದಿಲ್ಲ.

ಕೇಡನ್ನು ಹೇಳುವ ಮಾತು ತಪ್ಪು ಯಾರದ್ದೆಂಬುದನ್ನೂ ಹೇಳಿಬಿಡುತ್ತದೆ. ನಿಮ್ಮ ಲೇಖನ ಇದನ್ನು ಗಮನಿಸಿಯೇ ಇಲ್ಲ. ಡಿಸಾಸ್ಟರ್ ಪದದ ಬೇರಿನಲ್ಲಿ ಕೆಟ್ಟ ನಕ್ಷತ್ರವಿದೆ. ಗ್ರೀಕಿನಲ್ಲಿ ಆಸ್ಟ್ರೊನ್ ಅಂದರೆ ನಕ್ಷತ್ರ. ನಮ್ಮವರು 'ಎಂತ ಗ್ರಾಚಾರ ಮಾರಾಯ' ಅನ್ನುವಾಗಲೂ ತಪ್ಪು ಆಕಾಶದ್ದೇ. ಜಿಂಕ್ಸ್ ಹಾಗಲ್ಲ, ಅದು ಎದುರಿಗಿರುವ ಮನುಷ್ಯನ ಮೇಲೆ ಬೆರಳು ತೋರಿಸುತ್ತದೆ. ಇಪ್ಪತ್ತನೆಯ ಶತಮಾನದ ಮೊದಲಿಗೆ ಅಮೆರಿಕದ ಬೇಸ್‌ಬಾಲ್ ವರದಿಗಳಿಂದ ಹಬ್ಬಿದ ಮಾತು ಅದು. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು 'ಕಾಲ್ಗುಣ ಸರಿಯಿಲ್ಲ' ಎಂಬ ದೂರು.

ಹಾಗಾಗಿ 'ಸೊಸೆ ಬಂದ ವರ್ಷವೇ ತೋಟಕ್ಕೆ ಕೊಳೆರೋಗ, ಅವಳೊಬ್ಬಳು ಜಿಂಕ್ಸ್' ಎಂಬ ನಿಮ್ಮ ವಾಕ್ಯ ಓದಿ ಬೇಸರವಾಯಿತು. ಅದನ್ನು ತೆಗೆಯಲೇಬೇಕು. ಅಡಿಕೆಗೆ ಕೊಳೆರೋಗ ತರುವುದು ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿ. ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಕ್ಕೊಮ್ಮೆ ಮೈಲುತುತ್ತು ಸುಣ್ಣದ ಬೋರ್ಡೋ ಮದ್ದು ಬಿಡಬೇಕು. ಬಿಡದೆ ಮಳೆ ಸುರಿದರೆ, ಮರ ಹತ್ತುವವರು ಸಿಗದಿದ್ದರೆ ಅಡಿಕೆ ಉದುರುತ್ತದೆ. ಮನೆಗೆ ಬಂದ ಹುಡುಗಿಗೆ ಇದರಲ್ಲಿ ಯಾವ ಪಾಲೂ ಇಲ್ಲ. ಅಂದಹಾಗೆ, ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದಾಗ 'ಕೊಳೆರೋಗ' ಎಂಬ ಹೆಸರನ್ನೇ ಉಳಿಸಿಕೊಂಡರು, ಇಂಗ್ಲಿಷಿನ ಕೃಷಿ ಗ್ರಂಥಗಳಲ್ಲಿ ಇವತ್ತಿಗೂ ಅದು ಹಾಗೇ ಇದೆ. ಕೇಡಿಗೊಂದು ಹೆಸರನ್ನು ಕನ್ನಡವೇ ಇಂಗ್ಲಿಷಿಗೆ ಕೊಟ್ಟಿದೆ. ನಿಮ್ಮ ನಲವತ್ತರ ಪಟ್ಟಿಯಲ್ಲಿ ಇದಿಲ್ಲ, ದಯವಿಟ್ಟು ಸೇರಿಸಿ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ 'ಎ ಗ್ರೇಟ್ ಮಿಸ್‌ಫಾರ್ಚೂನ್' ಎಂದು ಒಂದೇ ಸಾಲು ಬರೆದಿದ್ದೀರಿ. ನಮ್ಮ ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯವರು ಅದನ್ನು ಓದಿದರೆ ಏನೆಂದುಕೊಂಡಾರು? 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವಿಷ ಸುರಿದರು. ಕೆಳಗೆ ತೋಡು, ನೀರಿನ ಸುರಂಗ, ಬಾವಿ, ಮನೆಗಳಿದ್ದವು. ಅಂಗವೈಕಲ್ಯದ ಮಕ್ಕಳು ಹುಟ್ಟಿದಾಗ ದೈವದ ಶಾಪ ಎಂದು ನಂಬಿ ಹರಕೆ ಹೊತ್ತವರಿದ್ದರು. ವಾಣಿನಗರದ ವೈದ್ಯ ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ, ಪೆರಿಯದ ಲೀಲಾಕುಮಾರಿ ಅಮ್ಮ ಮೊದಲಾದವರು ಕೆಲಸ ಶುರುಮಾಡಿದ್ದು ಇದು ಶಾಪವಲ್ಲ ಎಂಬಲ್ಲಿಂದ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಬರೀ ದುರದೃಷ್ಟವಾಗಿದ್ದರೆ ಯಾವ ಕೋರ್ಟೂ ಪರಿಹಾರ ಕೊಡಿಸುತ್ತಿರಲಿಲ್ಲ. ಅವರು ಹೋರಾಡಿ ಕಳಚಿದ ಮಾತನ್ನು ನೀವು ಮತ್ತೆ ಅವರಿಗೇ ಅಂಟಿಸಬೇಡಿ.

ನಲವತ್ತರಲ್ಲಿ ಆರೋ ಏಳೋ ಇಟ್ಟುಕೊಳ್ಳಿ. ನಿಮ್ಮ ಉದಾಹರಣೆಗಳಲ್ಲಿ ಲಂಡನ್ನಿನ ಮಂಜು, ಟೈಟಾನಿಕ್ ಎಲ್ಲ ಬಿಡಿ. ನಮ್ಮ ಜಿಲ್ಲೆಯ ಹೊಸದುರ್ಗದ ಮೀನುಗಾರರ ದೋಣಿ, ಕುಂಬಳೆಯ ಹೆದ್ದಾರಿ, ನಿಮ್ಮದೇ ಅಡಿಕೆ ತೋಟ ಸಾಕು. ಪ್ರತಿ ಮಾತಿಗೂ ಕೇಡು ಎಷ್ಟು ದೊಡ್ಡದು, ಹೊಣೆ ಯಾರ ಮೇಲೆ ಬೀಳುತ್ತದೆ ಎಂದು ಎರಡೆರಡು ಸಾಲು ಬರೆಯಿರಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಮೊದಲು ನಾನೇ ಓದುತ್ತೇನೆ.

ಇತಿ,
ಸಂಪಾದಕ